ಕಣ್ಣಿನ ದೋಷವೋ, ಕಾರಿನ ದೋಷವೋ?

ಆರೋಗ್ಯದ ಲೇಖನಗಳ ನಡುವೆ ಮೋಟಾರು ಕಾರಿನ ದೀಪದ ಮಾತೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ರಾತ್ರಿಯ ವೇಳೆ ಕಾರು ನಡೆಸುವಾಗ ರಸ್ತೆ ಸ್ಪಷ್ಟವಾಗಿ ಕಾಣುತ್ತಿಲ್ಲವೆಂದು ನಾನು ಮೊದಲು ಹೋದದ್ದು ಕಣ್ಣಿನ ವೈದ್ಯರ ಬಳಿಗೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲವನ್ನು ತಲಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರುವತ್ತರವನಿಗೆ ದೊರೆಯುತ್ತದೆ ಎಂದು ಅವರು ವಿವರಿಸಿದರು. ಕನ್ನಡಕ ಬದಲಾಯಿತು. ರಸ್ತೆ ಮಾತ್ರ ಮಂಕಾಗಿಯೇ ಉಳಿಯಿತು.

ಆಗ ಮಿತ್ರರೊಬ್ಬರ ಮಾತು ಕೇಳಿ, ನನ್ನ ಹಳೆಯ ಕಾರಿನ 60/55 ವ್ಯಾಟಿನ ಬಲ್ಬುಗಳನ್ನು ತೆಗೆಸಿ 100/90 ವ್ಯಾಟಿನವನ್ನು ಹಾಕಿಸಿದೆ. ಕೆಲವೇ ತಿಂಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚು ಕೆಟ್ಟಿತು. ಹೊಸದನ್ನು ಹಾಕಿಸಿದೆ, ಅದೂ ಕೆಟ್ಟಿತು. ಮೂರನೆಯ ಸ್ವಿಚ್ಚು ಕೈಕೊಟ್ಟದ್ದು ಮಳೆಗಾಲದ ಒಂದು ರಾತ್ರಿ, ಕೊಚ್ಚಿಯಿಂದ ತಿರುವನಂತಪುರಕ್ಕೆ ಬರುವಾಗ. ಅಂಬಲಪ್ಪುಳ ದಾಟಿ ಪುರಕ್ಕಾಡಿನ ಕಡೆಗೆ, ಸಮುದ್ರಕ್ಕೆ ಸಮೀಪವಾಗಿ ಸಾಗುವ ಹೆದ್ದಾರಿಯಲ್ಲಿ, ಎರಡು ದೀಪಗಳೂ ಒಮ್ಮೆಲೇ ನಂದಿದುವು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಮೂರು ಸೆಕೆಂಡಿನಲ್ಲಿ 50 ಮೀಟರ್ ಓಡುತ್ತದೆ. ಆ 50 ಮೀಟರನ್ನು ನಾನು ಕುರುಡನಂತೆ ದಾಟಿದೆ. ಹಿಂದಿನ ಸೀಟಿನಲ್ಲಿ ಮಗಳೂ ಮೊಮ್ಮಗುವೂ ನಿದ್ರಿಸುತ್ತಿದ್ದರು. ಸ್ವಿಚ್ಚನ್ನು ಬೆರಳಿನಿಂದ ತಟ್ಟಿದಾಗ ದೀಪ ಮರಳಿ ಬಂತು. ಉಳಿದ ದಾರಿಯನ್ನೆಲ್ಲ ಒಂದು ಕೈಯನ್ನು ಸ್ವಿಚ್ಚಿನ ಮೇಲಿಟ್ಟೇ ಕ್ರಮಿಸಿದೆ.

ಮರುದಿನ ಕರಮನದ ಬಳಿಯ ವಯಸ್ಸಾದ ಆಟೋ ಎಲೆಕ್ಟ್ರೀಷಿಯನ್ನರು ಸ್ವಿಚ್ಚನ್ನು ಬಿಚ್ಚಿ, ಕಂದುಗಟ್ಟಿ ಕರಗಿದ ಪ್ಲಾಸ್ಟಿಕ್ಕನ್ನು ತೋರಿಸಿ, "ಸಾರ್, ನಾಲ್ಕನೆಯದನ್ನೂ ಬೇಕಾದರೆ ಹಾಕಿಕೊಡುತ್ತೇನೆ. ಆದರೆ ತಪ್ಪು ಸ್ವಿಚ್ಚಿನದಲ್ಲ" ಎಂದರು.

ಅವರ ಮಾತಿನ ಅರ್ಥ ಇಷ್ಟು. ಅನೇಕ ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಇಡೀ ವಿದ್ಯುತ್ ಪ್ರವಾಹ ಚಾಲಕನ ಕೈಯ ಪುಟ್ಟ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ 55 ವ್ಯಾಟಿನ ಎರಡು ಬಲ್ಬುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. 90 ವ್ಯಾಟಿನವು 15 ಆಂಪಿಯರ್. ಪ್ರವಾಹ ಹೆಚ್ಚಿದಂತೆ ಶಾಖವು ಅದರ ವರ್ಗದಂತೆ ಏರುವುದರಿಂದ, ಈ ಬದಲಾವಣೆಯೊಂದರಿಂದಲೇ ಸ್ವಿಚ್ಚಿನೊಳಗಿನ ಬಿಸಿ ಎರಡೂವರೆ ಪಟ್ಟಿಗೂ ಮಿಕ್ಕುತ್ತದೆ. ಕೇರಳ ಕರಾವಳಿಯ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ, ಸಂಪರ್ಕದಲ್ಲಿ ಓಮಿನ ಹತ್ತನೆಯ ಒಂದು ಪಾಲು ರೋಧ ಹುಟ್ಟಿದರೂ ಸಾಕು, 15 ಆಂಪಿಯರಿಗೆ 22 ವ್ಯಾಟಿನಷ್ಟು ಶಾಖ ಅಲ್ಲಿ ಉತ್ಪನ್ನವಾಗುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಬೆಸುಗೆ ಕಡ್ಡಿಯ ಶಕ್ತಿ 25 ವ್ಯಾಟ್! ಪ್ಲಾಸ್ಟಿಕ್ ಕರಗಿದುದರಲ್ಲಿ ಆಶ್ಚರ್ಯವೇನು?

ಮಂಕು ಬೆಳಕಿಗೂ ಇದೇ ಮೂಲ. ಬಲ್ಬಿಗೆ ತಲಪುವ ವೋಲ್ಟೇಜು ಶೇಕಡಾ 10 ತಗ್ಗಿದರೆ ಬೆಳಕು ಶೇಕಡಾ 30ರಷ್ಟು ಕುಸಿಯುತ್ತದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಅಳೆದು ನೋಡಿದೆವು: ಬ್ಯಾಟರಿಯಲ್ಲಿ 13.8 ವೋಲ್ಟ್, ಉರಿಯುವ ದೀಪದ ಹಿಂಬದಿಯಲ್ಲಿ 11.2. ಬೆಳಕಿನ ಅರ್ಧಭಾಗ ದಾರಿಯಲ್ಲೇ ನಷ್ಟವಾಗುತ್ತಿತ್ತು. ವೈದ್ಯರು ಹೇಳಿದ್ದು ಸುಳ್ಳಲ್ಲ. ಆದರೆ ವಯಸ್ಸಾದ ಕಣ್ಣಿಗೆ ಸಲ್ಲಬೇಕಾದ ಬೆಳಕನ್ನು ಕಾರು ನುಂಗುತ್ತಿತ್ತು. ಬಲ್ಬು ದೊಡ್ಡದಾದಷ್ಟೂ ನಷ್ಟವೂ ದೊಡ್ಡದೆಂಬುದು ನನಗೆ ಹೊಳೆದಿರಲಿಲ್ಲ.

ಪರಿಹಾರವೇ ರಿಲೇ ಎಂಬ ಸಣ್ಣ ಪೆಟ್ಟಿಗೆ. ಅದರೊಳಗಿನ ವಿದ್ಯುತ್ಕಾಂತದ ಸುರುಳಿಗೆ ಆಂಪಿಯರಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ ಪ್ರವಾಹ ಸಾಕು. ಹಳೆಯ ಸ್ವಿಚ್ಚು ಈ ಸುರುಳಿಯನ್ನಷ್ಟೇ ಎಚ್ಚರಿಸುತ್ತದೆ. ದೀಪದ ಭಾರೀ ಪ್ರವಾಹ ಬ್ಯಾಟರಿಯಿಂದ ರಿಲೇಯ ಮೂಲಕ ನೇರವಾಗಿ ಹೋಗುತ್ತದೆ. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಬೇಕು. ಅದರ ಪಾದಗಳಲ್ಲಿ ಸಂಖ್ಯೆ ಕೆತ್ತಿರುತ್ತದೆ: 30ಕ್ಕೆ ಬ್ಯಾಟರಿಯಿಂದ ಬರುವ ವೈರು, 87ಕ್ಕೆ ದೀಪ, 86ಕ್ಕೆ ಹಳೆಯ ಸ್ವಿಚ್ಚಿನಿಂದ ಬರುವ ವೈರು, 85ಕ್ಕೆ ಕಾರಿನ ಮೈ, ಎಂದರೆ ಅರ್ತ್. ದಪ್ಪ ವೈರು 2.5 ಚದರ ಮಿಲಿಮೀಟರಿಗೆ ಕಡಿಮೆಯಿರಬಾರದು. ಎಡ ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸುಗಳಿದ್ದರೆ ಒಂದು ಸುಟ್ಟರೂ ಇನ್ನೊಂದು ದೀಪ ಉಳಿಯುತ್ತದೆ. ಪುರಕ್ಕಾಡಿನ ಅನುಭವವಾದವನಿಗೆ ಇದರ ಬೆಲೆ ಗೊತ್ತು. ಬ್ಯಾಟರಿಯಿಂದ ಹೊರಡುವ ವೈರಿಗೆ ಬ್ಯಾಟರಿಯ ಬಳಿಯಲ್ಲೇ ಒಂದು ಫ್ಯೂಸು ಇರಲೇಬೇಕು. ಇಲ್ಲದಿದ್ದರೆ ವೈರು ಎಲ್ಲಿಯಾದರೂ ಉಜ್ಜಿ ಕಾರಿನ ಮೈಗೆ ತಗಲಿದಾಗ ಬೆಂಕಿಯ ಭಯವುಂಟು.

ಕೆಲವು ಜಪಾನೀ ಮೂಲದ ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚು ಅರ್ತಿನ ಕಡೆಗಿರುತ್ತದೆ. ಅಂಥವಕ್ಕೆ ಮೇಲಿನ ಜೋಡಣೆ ಹೊಂದುವುದಿಲ್ಲ. ಮೊದಲು ಅದನ್ನು ಪರೀಕ್ಷಿಸಿ, ಬಲ್ಲವರ ಕೈಯಲ್ಲೇ ಮಾಡಿಸುವುದು ಲೇಸು. ಯಾವ ಕಾರಾದರೂ ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ದೀಪದ ಅರ್ತ್ ವೈರು ಕಾರಿನ ಮೈಗೆ ಸೇರುವೆಡೆಯ ತುಕ್ಕನ್ನು ಉಜ್ಜಿ ತೆಗೆಯದಿದ್ದರೆ ರಿಲೇ ಹಾಕಿಯೂ ಪ್ರಯೋಜನ ಅರ್ಧವೇ.

ನಾನು ಮತ್ತೆ 60/55 ವ್ಯಾಟಿಗೇ ಮರಳಿದೆ. ಈಗ ದೀಪದ ಬಳಿ 13.5 ವೋಲ್ಟ್ ಸಿಗುತ್ತಿದೆ. ಬೆಳಕು ಹಿಂದಿನ ದೊಡ್ಡ ಬಲ್ಬಿಗಿಂತ ತುಸು ಹೆಚ್ಚೇ ಇದೆ, ಎದುರಿನವರ ಕಣ್ಣನ್ನೂ ಕುಕ್ಕುವುದಿಲ್ಲ. ಎಲ್‌ಇಡಿ ಬಲ್ಬು ಹಾಕಿಸೆನ್ನುವವರಿದ್ದಾರೆ. ಅದು ಎಳೆಯುವ ಪ್ರವಾಹ ಕಡಿಮೆಯೆಂಬುದು ನಿಜ. ಆದರೆ ತಂತಿಯ ಬಲ್ಬಿಗೆಂದು ರೂಪಿಸಿದ ಪ್ರತಿಫಲಕದಲ್ಲಿ ಅದರ ಬೆಳಕು ಚದರಿ ಇತರರಿಗೆ ಕಂಟಕವಾಗುವುದೇ ಹೆಚ್ಚು.

ಊರಿಗೆ, ಕೊಲ್ಲೂರಿಗೆ ಎಂದು ರಾತ್ರಿಯಿಡೀ ಹಳೆಯ ಕಾರು ನಡೆಸುವ ಬಂಧುಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೊರಡುವ ಮುನ್ನ ದೀಪಗಳನ್ನು ಹತ್ತು ನಿಮಿಷ ಉರಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿ. ಬಿಸಿ ತಟ್ಟಿದರೆ ಪ್ರಯಾಣವನ್ನು ಹಗಲಿಗೆ ಇಟ್ಟುಕೊಳ್ಳಿ, ಕಾರನ್ನು ಎಲೆಕ್ಟ್ರೀಷಿಯನ್ನರ ಬಳಿಗೆ ಒಯ್ಯಿರಿ.