ಮನಸ್ಸು ಕೈಯನ್ನು ಎತ್ತುವುದು ಹೇಗೆ?

1643ರ ಮೇ ತಿಂಗಳಲ್ಲಿ ತತ್ತ್ವಜ್ಞಾನಿ ರೆನೆ ಡೆಕಾರ್ಟ್‌ಗೆ ಹಾಲೆಂಡಿನ ಹೇಗ್ ನಗರದಿಂದ ಒಂದು ಪತ್ರ ಬಂತು. ಬರೆದವಳು 24 ವರ್ಷದ ಎಲಿಸಬೆತ್. ಬೊಹೀಮಿಯಾದ ರಾಜಕುಮಾರಿ ಎನ್ನುವುದು ಹೆಸರಿಗಷ್ಟೇ. ಅಪ್ಪ ಸಿಂಹಾಸನ ಕಳೆದುಕೊಂಡ ಮೇಲೆ ಇಡೀ ಸಂಸಾರ ಪರದೇಶದಲ್ಲಿ ಆಶ್ರಯ ಪಡೆದಿತ್ತು.

ಆಕೆಯ ಪ್ರಶ್ನೆ ನೇರವಾಗಿತ್ತು. ಒಂದು ವಸ್ತು ಇನ್ನೊಂದನ್ನು ಸರಿಸಬೇಕಾದರೆ ತಾಗಬೇಕು, ತಳ್ಳಬೇಕು. ಮನಸ್ಸಿಗೆ ಉದ್ದ-ಅಗಲವೇ ಇಲ್ಲ ಎನ್ನುತ್ತೀರಿ. ಹಾಗಾದರೆ ಅದು ದೇಹವನ್ನು ಅಲುಗಾಡಿಸುವುದು ಹೇಗೆ?

ಡೆಕಾರ್ಟ್ ಭಾರದ ಉದಾಹರಣೆ ಕೊಟ್ಟ. ಭಾರವೆಂಬ ಗುಣ ಯಾವ ತಳ್ಳಾಟವೂ ಇಲ್ಲದೆ ಕಲ್ಲನ್ನು ಕೆಳಕ್ಕೆ ಒಯ್ಯುತ್ತದೆಂದು ನಾವು ಭಾವಿಸುವುದಿಲ್ಲವೇ? ಭಾರದ ಆ ಕಲ್ಪನೆಯೇ ಸುಳ್ಳೆಂದು ನಿಮ್ಮ ಭೌತಶಾಸ್ತ್ರ ಹೇಳುತ್ತದಲ್ಲ ಎಂದು ಎಲಿಸಬೆತ್ ಹಿಡಿದುಹಾಕಿದಳು. ದೇಹವಿಲ್ಲದ್ದು ದೇಹವನ್ನು ನಡೆಸುತ್ತದೆ ಎನ್ನುವುದಕ್ಕಿಂತ ಮನಸ್ಸೂ ಒಂದು ಬಗೆಯ ವಸ್ತು ಎಂದು ಒಪ್ಪುವುದೇ ಸುಲಭ ಎಂದಳು. ವಾದ ಗೆದ್ದವಳು ಆಕೆಯೇ ಎಂದು ನನಗನ್ನಿಸುತ್ತದೆ. ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ ಮನಸ್ಸು ದೇಹವನ್ನು ಸಂಧಿಸುತ್ತದೆ ಎಂದು ಡೆಕಾರ್ಟ್ 1649ರ ಪುಸ್ತಕದಲ್ಲಿ ಬರೆದರೂ ಗಂಟು ಬಿಡಲಿಲ್ಲ. ಆ ಗ್ರಂಥಿಯ ಮುಖ್ಯ ಕೆಲಸ ಮೆಲಟೋನಿನ್ ಸ್ರವಿಸುವುದೆಂದು ಈಗ ಗೊತ್ತು.

ಎಲಿಸಬೆತ್‌ಗೆ ದೇಹವನ್ನು ಮರೆತು ಚಿಂತಿಸುವ ಸೌಕರ್ಯವೇ ಇರಲಿಲ್ಲ. ಮನೆತನದ ವ್ಯವಹಾರ, ತಪ್ಪಿಸಿಕೊಳ್ಳಲಾಗದ ಮಾತುಕತೆ, ಇವುಗಳ ನಡುವೆ ಧ್ಯಾನಕ್ಕೆ ಬಿಡುವೆಲ್ಲಿ ಎಂದು ಬರೆದಿದ್ದಾಳೆ. 1645ರಲ್ಲಿ ಜ್ವರ, ಒಣಕೆಮ್ಮು ಹಿಡಿದು ಬಿಡಲಿಲ್ಲ. ಇದಕ್ಕೆ ದುಃಖವೇ ಕಾರಣವೆಂದು ಡೆಕಾರ್ಟ್ ಊಹಿಸಿದ. ತನ್ನದು ಹೆಂಗಸಿನ ದುರ್ಬಲ ದೇಹ, ಮನದ ನೋವು ಬೇಗ ತಟ್ಟುತ್ತದೆ ಎಂದು ಆಕೆ ಉತ್ತರಿಸಿದಳು. ಹೆಣ್ಣಿನ ದೇಹ ದುರ್ಬಲವೆಂಬ ಕಾಲದ ನಂಬಿಕೆಯನ್ನು ಆಕೆಯೂ ನುಂಗಿಕೊಂಡಿದ್ದಳು. ಆದರೆ ದೇಹ ಕೆಟ್ಟರೆ ವಿವೇಕವೂ ಕೆಡುತ್ತದೆಂಬ ಆಕೆಯ ಪಟ್ಟು ಅನುಭವದ್ದು.

ಡೆಕಾರ್ಟ್‌ನ ನಂತರದವರು ಅವನ ಮಾತನ್ನು ಎರಡು ಕಡೆಗೂ ಎಳೆದರು. ಮನಸ್ಸಿಗೆ ಲಿಂಗವಿಲ್ಲ, ಅಂಗರಚನಾಶಾಸ್ತ್ರಕ್ಕೆ ಗಂಡು-ಹೆಣ್ಣಿನ ಮಿದುಳಿನಲ್ಲಿ ಭೇದ ಕಂಡಿಲ್ಲ ಎಂದು ಪುಲೇನ್ ದ ಲಾ ಬಾರ್ 1673ರಲ್ಲಿ ವಾದಿಸಿದ. ಮರುವರ್ಷವೇ ಮಾಲ್‌ಬ್ರಾಂಶ್, ಹೆಂಗಸರ ಮಿದುಳಿನ ನಾರು ಮೃದು, ಆದ್ದರಿಂದ ಗಹನ ವಿಚಾರ ಅವರ ಕೈಗೆಟುಕದು ಎಂದು ಬರೆದ. ಆ ನಾರುಗಳನ್ನು ಮುಟ್ಟಿ ನೋಡಿದವರ್‍ಯಾರೋ!

ಆಗ ಎಲಿಸಬೆತ್ ಜರ್ಮನಿಯ ಹೆರ್ಫೋರ್ಡ್ ಮಠದ ಅಧಿಪತಿ. 1680ರಲ್ಲಿ ತೀರಿಕೊಂಡಳು. ಡೆಕಾರ್ಟ್‌ನ ಉತ್ತರಗಳು 1657ರಿಂದಲೇ ಅಚ್ಚಾಗತೊಡಗಿದ್ದವು. ತನ್ನ ಪತ್ರಗಳನ್ನು ಪ್ರಕಟಿಸಲು ಆಕೆ ಒಪ್ಪಿರಲಿಲ್ಲ. ಅವು ಓದುಗರ ಕೈ ಸೇರಿದ್ದು 1879ರಲ್ಲಿ.