ತುಟಿ ಗುಳ್ಳೆಯ ತವರು ತುಟಿಯಲ್ಲ

ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸುತ್ತ ನಿಂತವರೆಲ್ಲ ಅದರ ಮಡಿಕೆಗಳನ್ನು ಮುಟ್ಟಿ ನೋಡುತ್ತಿದ್ದರೆ ನಾನು ಕೇಳಿದ್ದು ಐದನೇ ನರ ಎಲ್ಲಿದೆ ಎಂದು. ವಿವರಿಸುತ್ತಿದ್ದ ತರುಣಿ ಮೆದುಳನ್ನು ಮಗುಚಿ, ಮೆದುಳಕಾಂಡದ ಪಕ್ಕದಿಂದ ಹೊರಟ ಬೆಳ್ಳನೆಯ ಮೋಟು ನರವೊಂದನ್ನು ತೋರಿಸಿದರು. ‘ಇದೇ ಸರ್. ಇದರ ಗಂಟು ಮಾತ್ರ ಇಲ್ಲಿ ಸಿಗಲ್ಲ. ಮೆದುಳು ತೆಗೆಯುವಾಗ ಅದು ಬುರುಡೆಯ ತಳದಲ್ಲೇ ಉಳಿದುಬಿಡುತ್ತೆ.’

ನನಗೆ ಬೇಕಿದ್ದದ್ದು ಆ ಗಂಟೇ. ಜ್ವರ ಬಿಟ್ಟ ಮೇಲೆ, ಪರೀಕ್ಷೆಯ ಹೊತ್ತಿಗೆ, ಬಿಸಿಲಲ್ಲಿ ಜಾತ್ರೆ ಸುತ್ತಿ ಬಂದ ಮರುದಿನ ತುಟಿಯಂಚಿನಲ್ಲಿ ಗೊಂಚಲಾಗಿ ಏಳುವ ನೀರುಗುಳ್ಳೆಯ ತವರು ಅದು. ಮುಖದ ಸ್ಪರ್ಶ, ನೋವು ಎಲ್ಲವನ್ನೂ ಮೆದುಳಿಗೆ ಮುಟ್ಟಿಸುವ ಐದನೇ ನರದ ಆ ಗಂಟು ಕಿವಿಯ ಮುಂದೆ, ಬುರುಡೆಯ ಒಳಗೆ ಅಡಗಿದೆ. ಹೆಚ್ಚಿನವರಿಗೆ ಬಾಲ್ಯದಲ್ಲೇ, ಯಾರದೋ ಮುತ್ತಿನಿಂದಲೋ ಎಂಜಲಿನಿಂದಲೋ ಅಂಟುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ನರದ ಜಾಡು ಹಿಡಿದು ಅಲ್ಲಿಗೆ ಹೋಗಿ ಮಲಗುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು ಮೂರರಲ್ಲಿ ಇಬ್ಬರ ಮೈಯಲ್ಲಿ ಇದು ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಬಹಳ ಮಂದಿಗೆ ಒಂದು ಗುಳ್ಳೆಯೂ ಏಳುವುದಿಲ್ಲ.

ವೈರಸ್ ಆ ಗಂಟಿನಲ್ಲಿ ಮಲಗಿರುವುದನ್ನು ಕಂಡುಕೊಂಡ ಬಗೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಮುಖದ ನರಶೂಲೆ ತಾಳಲಾರದವರಿಗೆ ಅಮೆರಿಕದ ಹಾರ್ವಿ ಕುಶಿಂಗ್ ಇದೇ ನರಗಂಟಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ. ಕತ್ತಿ ಆಡಿದ್ದು ಬುರುಡೆಯೊಳಗೆ, ಕೆಲವೇ ದಿನಗಳಲ್ಲಿ ಗುಳ್ಳೆ ಎದ್ದದ್ದು ತುಟಿಯಲ್ಲಿ! 1905ರಲ್ಲೇ ಅವನು ಇದನ್ನು ದಾಖಲಿಸಿದ. 1970ರ ದಶಕದ ಆರಂಭದಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಸತ್ತವರ ನರಗಂಟಿನ ತುಣುಕುಗಳನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಪೋಷಿಸಿ ಕಾದರು. ಮೊದಮೊದಲು ಏನೂ ಇಲ್ಲ. ಆಮೇಲೆ ಜೀವಂತ ವೈರಸ್ ಎದ್ದು ಬಂತು. ಮನುಷ್ಯ ಹೋದ ಮೇಲೂ ಅವನೊಳಗಿನ ಬಾಡಿಗೆದಾರ ಸ್ವಲ್ಪ ಕಾಲ ಉಳಿದಿದ್ದ.

ಇಷ್ಟು ತಿಳಿದ ಮೇಲೆ ‘ಉಷ್ಣ ಆಗಿದೆ, ಎಳನೀರು ಕುಡಿ’, ‘ಹಲ್ಲಿ ಉಚ್ಚೆ ಹೊಯ್ದಿದೆ, ಸುಣ್ಣ ಹಚ್ಚು’ ಎಂಬ ಮಾತನ್ನು ನಾನು ಒಪ್ಪಲಾರೆ. ಎಳನೀರು ಕುಡಿಯಿರಿ, ತೊಂದರೆಯಿಲ್ಲ. ಸುಣ್ಣ ಮಾತ್ರ ಬೇಡ, ತುಟಿ ಸುಡುತ್ತದೆ. ಬಾಯಿಹುಣ್ಣಿಗೆ ನುಂಗುವ ಬಿ-ಕಾಂಪ್ಲೆಕ್ಸ್ ಈ ವೈರಸ್ಸಿಗೆ ಮದ್ದಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮಂತೂ ವೈರಸ್ಸಿಗೇ ಅನುಕೂಲ.

ನಿಜವಾದ ಮದ್ದು ಎಸೈಕ್ಲೊವಿರ್. ಇದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಹಂಚಿಕೊಂಡರು. ವೈರಸ್ ಹೊಕ್ಕ ಜೀವಕೋಶದಲ್ಲಿ ವೈರಸ್ಸಿನದೇ ಕಿಣ್ವ ಈ ಮದ್ದನ್ನು ಚುರುಕುಗೊಳಿಸುತ್ತದೆ. ಉಳಿದ ಕೋಶಗಳಿಗೆ ಹೆಚ್ಚು ತೊಂದರೆಯಿಲ್ಲ. ಆದರೆ ಗುಳ್ಳೆ ಒಡೆದ ಮೇಲೆ ಹಚ್ಚಿದರೆ ಪ್ರಯೋಜನ ಅಲ್ಪ. ತುಟಿ ಜುಮುಜುಮು ಎಂದ ಗಳಿಗೆಯಲ್ಲೇ ಶುರುವಾಗಬೇಕು, ದಿನಕ್ಕೆ 5 ಸಲ. ಆಗಲೂ ಕ್ರೀಮಿನಿಂದ ಉಳಿಯುವುದು ಒಂದು ದಿನವೋ ಅರ್ಧ ದಿನವೋ. ಮಾತ್ರೆ ಹೆಚ್ಚು ಪರಿಣಾಮಕಾರಿ, ಅದನ್ನು ವೈದ್ಯರೇ ಬರೆಯಬೇಕು. ಪದೇ ಪದೇ ಕಾಡುವವರಿಗೆ ತಿಂಗಳುಗಟ್ಟಲೆ ದಿನವೂ ಮಾತ್ರೆ ಕೊಡುವುದುಂಟು. ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನದಲ್ಲಿ ಹಕ್ಕು ಕಟ್ಟಿ ಒಣಗುತ್ತದೆ. ಎರಡು ವಾರ ಕಳೆದರೂ ಮಾಯದಿದ್ದರೆ ತೋರಿಸಲೇಬೇಕು.

ಗಂಟಿನಲ್ಲಿ ಮಲಗಿದ್ದನ್ನು ಓಡಿಸುವ ಮದ್ದು ಇನ್ನೂ ಬಂದಿಲ್ಲ. ಎಬ್ಬಿಸದೆ ಇರಬಹುದು, ಅಷ್ಟೇ. ಬಿಸಿಲಿಗೆ ಗುಳ್ಳೆ ಏಳುವವರು ಟೋಪಿ ಹಾಕಿ, ಸನ್‌ಸ್ಕ್ರೀನ್ ಇರುವ ಲಿಪ್ ಬಾಮ್ ಹಚ್ಚಿ ಹೊರಡಲಿ. ಇದು ಬರೀ ಅಲಂಕಾರದ ಮಾತಲ್ಲ: ನೇರಳಾತೀತ ಕಿರಣದಿಂದ ಏಳುವ ಗುಳ್ಳೆಯನ್ನು ಸನ್‌ಸ್ಕ್ರೀನ್ ತಡೆಯುತ್ತದೆಂದು 1991ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಗುಳ್ಳೆ ಮುಟ್ಟಿದ ಬೆರಳಲ್ಲಿ ಕಣ್ಣು ಉಜ್ಜಬೇಡಿ. ಕಪ್ಪುಗುಡ್ಡೆಗೆ ಹುಣ್ಣಾದರೆ ದೃಷ್ಟಿಗೇ ಅಪಾಯ.

ಕೊನೆಯದು ಕೈಮುಗಿದು ಕೇಳುವ ಮಾತು. ಹಸುಗೂಸಿಗೆ ಈ ವೈರಸ್ ಅಂಟಿದರೆ ಪ್ರಾಣಕ್ಕೇ ಕುತ್ತು ಬರಬಹುದು. ತುಟಿಯಲ್ಲಿ ಗುಳ್ಳೆಯಿದ್ದಾಗ ನಾಮಕರಣಕ್ಕೋ ಬಾಣಂತಿಯನ್ನು ನೋಡಲೋ ಹೋದರೆ ಕೂಸಿಗೆ ಮುತ್ತು ಕೊಡಬೇಡಿ. ಅಜ್ಜಿಯೇ ಆಗಲಿ, ಸೋದರಮಾವನೇ ಆಗಲಿ, ಗುಳ್ಳೆ ಪೂರ್ತಿ ಒಣಗಿ ಹಕ್ಕು ಉದುರುವವರೆಗೆ ಕಾಯಿರಿ.