ಮರದ ರಸಕ್ಕೆ ತಕ್ಕ ಕೊಳವೆ

ಇಂದಿರಾನಗರದ ದೊಡ್ಡ ಅಂಗಡಿಗಳಲ್ಲಿ ಜೇನಿನ ಬಣ್ಣದ ಮೇಪಲ್ ಪಾಕದ ಸೀಸೆಗಳನ್ನು ಓದುಗರು ಕಂಡಿರಬಹುದು. ಅದು ಕೆನಡಾ ದೇಶದಲ್ಲಿ ಬೆಳೆಯುವ ಒಂದು ಮರದ ರಸ. ಸುಮಾರು 40 ಲೀಟರ್ ರಸವನ್ನು ಕುದಿಸಿ ಬತ್ತಿಸಿದರೆ 1 ಲೀಟರ್ ಪಾಕ ದೊರೆಯುತ್ತದೆ. ಅಲ್ಲಿ ಮರಗಳಿಗೆ ಪ್ಲಾಸ್ಟಿಕ್ ನಳಿಕೆಗಳನ್ನು ಜೋಡಿಸಿ, ಅವನ್ನೆಲ್ಲ ಒಂದು ಹಿರಿಯ ಕೊಳವೆಗೆ ಕೂಡಿಸುತ್ತಾರೆ. ಮರಗಳ ಸಂಖ್ಯೆಯನ್ನೂ ನೆಲದ ಇಳಿಜಾರನ್ನೂ ನೋಡಿಯೇ ಅದರ ಗಾತ್ರವನ್ನು ಆರಿಸಬೇಕು. ಕಿರಿದಾದರೆ ರಸದ ಓಟಕ್ಕೆ ತಡೆ. ಅತಿ ಹಿರಿದಾದರೆ ರಸವು ತೆಳುವಾಗಿ ಹರಿದು ಬಿಸಿಲಿಗೆ ಬೆಚ್ಚಗಾಗಿ ಕೆಡುತ್ತದೆ. ಆದರೂ ಅಲ್ಲಿ ರಸ ಸುರಿಯುವುದು ಚಳಿಗಾಲದ ಕೊನೆಯಲ್ಲಿ; ಚಳಿಯೇ ಅದಕ್ಕೆ ಕಾವಲು.

ನಮ್ಮ ತೆಂಗಿನ ನೀರಾಕ್ಕೆ ಆ ಭಾಗ್ಯವಿಲ್ಲ. ಅರಳದ ಹೊಂಬಾಳೆಯ ತುದಿಯನ್ನು ಕೊಯ್ದಾಗ ತೊಟ್ಟಿಕ್ಕುವ ಈ ಸಿಹಿರಸ ನಮ್ಮ ಸೆಖೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿತು ಹೆಂಡವಾಗುತ್ತದೆ. ಅದನ್ನು ತಡೆಯಲೆಂದೇ ಹಿಂದಿನವರು ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಿದ್ದರು. ಆದರೆ ಸುಣ್ಣ ರಸದಲ್ಲಿ ಬೆರೆಯುವುದರಿಂದ ಅದನ್ನು ಸೋಸಿ ತೆಗೆಯಬೇಕಾಗುತ್ತಿತ್ತು.

ಈ ತೊಡಕಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಬೇರೊಂದು ಉಪಾಯವನ್ನು ಕಂಡುಹಿಡಿದರು. ಅವರ ಕೊಳವೆ ದೂರಕ್ಕೆ ಹರಿಯುವುದಿಲ್ಲ. ಅದರ ಒಂದು ತುದಿಯನ್ನು ಪೆಟ್ಟಿಗೆಯಂತೆ ಹಿಗ್ಗಿಸಿ, ಒಳಗೆ ಮಂಜುಗಡ್ಡೆಯ ನಡುವೆ ಪಾತ್ರೆಯನ್ನಿರಿಸಿ, ಹೊಂಬಾಳೆಗೇ ಕಟ್ಟುತ್ತಾರೆ. ಹೀಗೆ ತಂಪಾಗಿ ಇಳಿದ ಹೊಂಬಣ್ಣದ ರಸಕ್ಕೆ ‘ಕಲ್ಪರಸ’ವೆಂದು ಹೆಸರು.

ಹುಳಿಯದೆ ಕೆಳಗಿಳಿದರೆ ಮಕ್ಕಳೂ ಕುಡಿಯಬಹುದಾದ ಪಾನೀಯ, ಬೆಲ್ಲ, ಸಕ್ಕರೆ, ಹುಳಿತರೆ ಹೆಂಡ. ಮರ ಹತ್ತುವವನ ದುಡಿಮೆಯ ಫಲ ನಿಂತಿರುವುದು ಆ ಕೆಲವು ಗಂಟೆಗಳ ಮೇಲೆ. ಕೆನಡಾದ ರೈತನು ಕೊಳವೆಯ ಅಳತೆಯನ್ನು ವಿಚಾರಿಸಿದರೆ, ನಮ್ಮ ರೈತನು ಮೊದಲು ವಿಚಾರಿಸಬೇಕಾದುದು ಮಂಜುಗಡ್ಡೆಯನ್ನು.